ಅನುಷಾಳ ಪಾಲಿಗೆ ಬಂದ ಪದ

12 ಜುಲೈ 2024
ವಸತಿ ಶಾಲೆ, ಮಾಗಡಿ ತಾಲ್ಲೂಕು

ನಯನ ಮೇಡಂ ಅವರಿಗೆ,

ನಾನು ಅನುಷಾ. ದೊಡ್ಡಆಲಹಳ್ಳಿಯ ಬೈರೇಶ್ ಅವರ ಮಗಳು. ಬೇಸಿಗೆ ರಜೆಯಲ್ಲಿ ಕನಕಪುರದ ನಿಮ್ಮ ಲೈಬ್ರರಿಗೆ ಬಂದು ಕಿಟಕಿ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದವಳು. ಜೂನ್‌ನಿಂದ ಇಲ್ಲಿ ಒಂಬತ್ತನೇ ತರಗತಿಗೆ ಸೇರಿದ್ದೇನೆ. ಇಲ್ಲಿ ಮಕ್ಕಳು ಫೋನ್ ಇಟ್ಟುಕೊಳ್ಳುವಂತಿಲ್ಲ. ಕಾಗದ ಬರೆದರೆ ವಾರ್ಡನ್ ಸೋಮವಾರ ಅಂಚೆಗೆ ಹಾಕಿಸುತ್ತಾರೆ. ಒಡೆದು ಓದುವುದಿಲ್ಲ.

ನಮ್ಮ ಇಂಗ್ಲಿಷ್ ಟೀಚರ್ ಯಾಸ್ಮಿನ್ ಮಿಸ್ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ಪದ ಕೊಟ್ಟಿದ್ದಾರೆ. ನನ್ನ ಪಕ್ಕದವಳಿಗೆ ‘ವಿಸ್ಪರ್’ ಬಂತು, ಅವಳ ಹಿಂದಿನವಳಿಗೆ ‘ಗ್ಲೋ’. ನನಗೆ ಬಂದದ್ದು ‘ಸಿಂಪ್ಲಿಫೈ’. ಬದಲಾಯಿಸಿಕೊಡಿ ಎಂದು ಕೇಳಿದೆ, ಕೊಡಲಿಲ್ಲ. ಆ ಪದಕ್ಕೆ ಅಕ್ಕತಂಗಿಯರಂಥ ಪದಗಳನ್ನು ಹುಡುಕಬೇಕು, ಯಾವುದನ್ನು ಎಲ್ಲಿ ಬಳಸುತ್ತಾರೆ ಎಂದು ತಿಳಿಯಬೇಕು, ಒಂದೊಂದಕ್ಕೂ ನಮ್ಮ ಮನೆಯಲ್ಲಿ ನಡೆಯುವ ಸಂಗತಿಯಿಂದಲೇ ಒಂದು ವಾಕ್ಯ ಮಾಡಬೇಕು. ಡಿಕ್ಷನರಿಯ ವಾಕ್ಯ ಬರೆದರೆ ಸೊನ್ನೆ. ನವೆಂಬರ್‌ನಲ್ಲಿ ಇಂಗ್ಲಿಷ್ ದಿನ ಇದೆ, ಅವತ್ತು ಎಲ್ಲರ ಮುಂದೆ ಹೇಳಬೇಕು. ಇಲ್ಲಿನ ಡಿಕ್ಷನರಿಯಲ್ಲಿ ಆ ಪುಟವನ್ನು ಇಲಿ ತಿಂದಿದೆ.

ನೀವು ಸಹಾಯ ಮಾಡುತ್ತೀರಾ? ಇನ್ನೊಂದು. ನನ್ನ ಕಾರ್ಡಿನಲ್ಲಿ ಎರಡು ಪುಸ್ತಕ ಬಾಕಿ ಇವೆ. ತಂದುಕೊಡಲು ಅಪ್ಪನಿಗೆ ಹೇಳಿದ್ದೆ. ಮರೆತಿದ್ದರೆ ಬೈಯಬೇಡಿ, ಅವರು ಯಾವಾಗಲೂ ಮರೆಯುತ್ತಾರೆ.

ನಿಮ್ಮ ಲೈಬ್ರರಿಯ ಸದಸ್ಯೆ,
ಅನುಷಾ ಬಿ.


22 ಜುಲೈ 2024
ಕನಕಪುರ

ಅನುಷಾಳಿಗೆ,

ನಿನ್ನ ಕಾಗದ ಬಂತು. ಲೈಬ್ರರಿಗೆ ಪುಸ್ತಕದ ಬಿಲ್ಲು ಮತ್ತು ಸುತ್ತೋಲೆ ಬಿಟ್ಟರೆ ಅಂಚೆಯಲ್ಲಿ ಬೇರೇನೂ ಬರುವುದಿಲ್ಲ. ಅಂಚೆಯವರು ನನ್ನ ಹೆಸರನ್ನು ಎರಡು ಸಲ ಓದಿ ಕೈಗೆ ಕೊಟ್ಟರು.

ನಾನು ಹೆಚ್ಚಾಗಿ ಓದುವುದು ಅನುವಾದದ ಕಾದಂಬರಿಗಳನ್ನು. ಅದರಿಂದ ಒಂದು ಅಭ್ಯಾಸ ಬೆಳೆದಿದೆ. ಒಂದು ಪದ ಕಂಡರೆ, ಅದರ ಪಕ್ಕದಲ್ಲಿ ನಿಂತಿದ್ದ ಬೇರೆ ಪದಗಳನ್ನು ಬಿಟ್ಟು ಇದನ್ನೇ ಯಾಕೆ ಆರಿಸಿದರು ಎಂದು ಯೋಚಿಸುತ್ತೇನೆ. ಹಾಗಾಗಿ ನಿನ್ನ ಕೆಲಸ ನನಗೆ ಇಷ್ಟವಾಯಿತು. ಸದ್ಯಕ್ಕೆ ಮೂರು ಪದ ಕಳಿಸುತ್ತೇನೆ.

ಮೊದಲು ನಿನ್ನದೇ ‘ಸಿಂಪ್ಲಿಫೈ’. ಸರಳ ಮಾಡು ಎಂದು ಬರೆದುಕೊಳ್ಳುವುದು ಸುಲಭ, ಆದರೆ ಸಾಲದು. ಒಂದು ವಸ್ತುವಿನಲ್ಲಿ ಹತ್ತು ಭಾಗಗಳಿದ್ದರೆ ಅವನ್ನು ಮೂರಕ್ಕೆ ಇಳಿಸುವುದು ಸಿಂಪ್ಲಿಫೈ. ಏನೋ ಒಂದನ್ನು ಬಿಟ್ಟೇ ಬಿಡಬೇಕಾಗುತ್ತದೆ. ಎರಡನೆಯದು ‘ಈಸ್’. ಇಲ್ಲಿ ಭಾಗ ಯಾವುದೂ ಕಡಿಮೆಯಾಗುವುದಿಲ್ಲ, ನೋವೋ ಬಿಗಿಯೋ ಭಾರವೋ ಕಡಿಮೆಯಾಗುತ್ತದೆ. ಮೂರನೆಯದು ‘ಫೆಸಿಲಿಟೇಟ್’. ಕೆಲಸ ಮಾಡುವವರು ಬೇರೆಯವರು, ನಾವು ದಾರಿ ಬಿಡಿಸಿಕೊಡುತ್ತೇವೆ ಅಷ್ಟೆ. ಕಚೇರಿಯವರಿಗೆ ಈ ಪದವೆಂದರೆ ಪ್ರಾಣ. ಬೇರೆ ಪದ ಸಿಕ್ಕರೆ ಇದನ್ನು ಬಳಸಬೇಡ.

ಈ ಮೂರಕ್ಕೆ ನಿಮ್ಮ ಮನೆಯ ವಾಕ್ಯಗಳನ್ನು ನೀನೇ ಹುಡುಕಬೇಕು. ನಾನು ಒಬ್ಬಳೇ ಇರುವವಳು, ನನ್ನ ಮನೆಯಲ್ಲಿ ಏನೂ ನಡೆಯುವುದಿಲ್ಲ.

ನಿಮ್ಮ ಅಪ್ಪ ಮರೆಯಲಿಲ್ಲ. ಎರಡು ಪುಸ್ತಕವನ್ನೂ ತಂದರು, ಒಂದನ್ನು ವಾಪಸ್ ತೆಗೆದುಕೊಂಡು ಹೋದರು. ಯಾಕೆಂದು ಕೇಳಿದೆ. ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ನಿಮ್ಮ ಕುರಿಮಂದೆ ನಿಲ್ಲಿಸಿ ಕಾವಲು ಕೂತಾಗ ಸುಮ್ಮನೆ ಬಿಡಿಸಿದ್ದರಂತೆ. ಹಿಮದ ಊರಿನ ಕಥೆ ಅದು. ‘ಹೆಸರುಗಳು ಒಂದೂ ಬಾಯಿಗೆ ಬರಕ್ಕಿಲ್ಲ, ಆದ್ರೆ ಆ ಮುದುಕನ ಕುದುರೆ ಏನಾಯ್ತು ಅಂತ ತಿಳ್ಕಬೇಕು’ ಎಂದರು.

ನಯನ


13 ಆಗಸ್ಟ್ 2024
ವಸತಿ ಶಾಲೆ

ನಯನ ಮೇಡಂ,

ಅಪ್ಪ ಕಾದಂಬರಿ ಓದುತ್ತಾರೆ ಎಂಬುದೇ ನನಗೆ ಹೊಸ ಸುದ್ದಿ. ಪಾಠದ ಪುಸ್ತಕ ತೋರಿಸಿದರೆ ಆಕಳಿಸುತ್ತಾರೆ.

ವಾಕ್ಯಗಳನ್ನು ಮಾಡಿದ್ದೇನೆ. ಇಂಗ್ಲಿಷ್‌ಗೆ ಆಮೇಲೆ ತಿರುಗಿಸುತ್ತೇನೆ, ಮೊದಲು ಸರಿಯೇ ಹೇಳಿ.

ಈಸ್: ಕೆಲವು ಸಲ ಚೊಚ್ಚಲು ಕುರಿ ತನ್ನ ಮರಿಯನ್ನೇ ಹತ್ತಿರ ಸೇರಿಸುವುದಿಲ್ಲ, ಒದೆಯುತ್ತದೆ. ಆಗ ಅಜ್ಜಿ ಮರಿಯ ಮೈಗೆ ಉಪ್ಪುನೀರು ಸವರಿ ಬಿಡುತ್ತಾರೆ. ಉಪ್ಪಿನ ಆಸೆಗೆ ಕುರಿ ನೆಕ್ಕುತ್ತದೆ, ನೆಕ್ಕಿ ನೆಕ್ಕಿ ಅಭ್ಯಾಸ ಆಗುತ್ತದೆ, ಒಸಿ ಹೊತ್ತಿಗೆ ಹಾಲು ಕೊಡುತ್ತದೆ. ಅಜ್ಜಿ ಎರಡಕ್ಕೂ ಈಸ್ ಮಾಡಿದರು.

ಫೆಸಿಲಿಟೇಟ್: ತಾತ ಬೆಳಿಗ್ಗೆ ರೊಪ್ಪದ ತಡಿಕೆ ತೆಗೆದು ಪಕ್ಕಕ್ಕೆ ನಿಲ್ಲುತ್ತಾರೆ. ಗಂಟೆ ಕಟ್ಟಿದ ಟಗರು ಮುಂದೆ ಹೋಗುತ್ತದೆ, ಉಳಿದವು ಹಿಂದೆ. ತಾತ ಯಾವ ಕುರಿಯನ್ನೂ ತಳ್ಳುವುದಿಲ್ಲ, ಬೀಡಿ ಹಚ್ಚುತ್ತಾರೆ ಅಷ್ಟೆ.

ಸಿಂಪ್ಲಿಫೈಗೆ ತುಂಬ ಯೋಚಿಸಿದೆ. ನಮ್ಮ ಮನೆಯಲ್ಲಿ ಒಂದು ಪದ್ಧತಿ ಇದೆ. ಹೆಣ್ಣು ಮಗು ಹುಟ್ಟಿದರೆ, ಅಥವಾ ಸೊಸೆ ಬಂದರೆ, ಒಂದು ಹೆಣ್ಣು ಮರಿ ಅವಳ ಹೆಸರಿಗೆ. ಮರಿಯ ಕಿವಿಗೆ ಅವಳದೇ ಗುರುತು ಹಾಕುತ್ತಾರೆ. ಆ ಮರಿ ದೊಡ್ಡದಾಗಿ ಈದರೆ, ಅದರ ಹೊಟ್ಟೆಯಲ್ಲಿ ಬಂದದ್ದೆಲ್ಲ ಅವಳದೇ. ಅಜ್ಜಿಯದು ಬಲಗಿವಿಯ ತುದಿ ಕತ್ತರಿಸಿದ ಗುರುತು. ನನ್ನದು ಬಲಗಿವಿಯಲ್ಲಿ ಎರಡು ಕಚ್ಚು. ಅಮ್ಮನದು ಎಡಗಿವಿಯಲ್ಲಿ ಒಂದು ಕಚ್ಚು. ನಾನು ಎರಡನೇ ತರಗತಿಯಲ್ಲಿದ್ದಾಗ ಅಮ್ಮ ತೀರಿಕೊಂಡರು. ಅವರ ಗುರುತಿನ ಕುರಿಗಳು ಇನ್ನೂ ನಮ್ಮ ಮಂದೆಯಲ್ಲಿವೆ. ಈಗ ವಾಕ್ಯ: ಎಲ್ಲ ಕುರಿಗೂ ಒಂದೇ ಗುರುತು ಹಾಕಿದರೆ ಎಣಿಕೆ ಸಿಂಪ್ಲಿಫೈ ಆಗುತ್ತದೆ.

ವಾಕ್ಯ ಸರಿಯಾಗಿದೆ, ಆದರೆ ಬರೆದ ಮೇಲೆ ನನಗೆ ಇಷ್ಟ ಆಗಲಿಲ್ಲ.

ಅನುಷಾ ಬಿ.


26 ಆಗಸ್ಟ್ 2024
ಕನಕಪುರ

ಬೈರೇಶ್ ಅವರಿಗೆ,

ಶನಿವಾರ ಶನಿವಾರ ಪುಸ್ತಕಕ್ಕೆಂದು ಬಂದು ಮಾತಾಡಿಕೊಂಡು ಹೋಗುವ ನೀವು, ಹೋದ ಶನಿವಾರ ಲೈಬ್ರರಿ ಮುಚ್ಚುವ ಹೊತ್ತಿಗೆ ಕೇಳಿದಿರಿ, ‘ನಾವಿಬ್ರೂ ಒಂದೇ ಮನೇಲಿದ್ರೆ ಎಂಗೆ ಮೇಡಂ?’ ಎಂದು. ನಾನು ಬೀಗ ಹುಡುಕುತ್ತಾ ಉತ್ತರ ಕೊಡದೆ ಉಳಿದೆ. ಬೀಗ ನನ್ನ ಕೈಯಲ್ಲೇ ಇತ್ತು. ನೀವು ನೋಡಿರಬೇಕು, ಆದರೂ ನನ್ನ ಜೊತೆ ಮೇಜಿನ ಕೆಳಗೆ ಹುಡುಕಿದಿರಿ.

ಎದುರಿಗೆ ಹೇಳಲಾರದ್ದನ್ನು ಬರೆಯುತ್ತೇನೆ. ನನಗೆ ಬೇಡ ಅನ್ನಿಸಿಲ್ಲ. ಇದಕ್ಕಿಂತ ಹೆಚ್ಚು ಈಗ ಹೇಳಲಾರೆ.

ಅನುಷಾ ನನಗೆ ಕಾಗದ ಬರೆಯುತ್ತಿದ್ದಾಳೆ. ಲೈಬ್ರರಿಯ ಮೇಡಂ ಎಂದು ನಂಬಿ ಬರೆಯುತ್ತಾಳೆ. ಅವಳ ಅಮ್ಮನ ವಿಷಯವನ್ನೂ ಮೊನ್ನೆ ಬರೆದಳು. ಅವಳಿಗೆ ತಿಳಿಯದ ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡು ನಾನು ಉತ್ತರ ಬರೆಯುವುದು ಸರಿ ಕಾಣುವುದಿಲ್ಲ. ಅವಳಿಗೆ ನೀವೇ ಹೇಳಬೇಕು, ಬೇರೆ ಯಾರ ಬಾಯಿಂದಲೂ ತಿಳಿಯಬಾರದು. ಅವಳು ಏನು ಹೇಳುತ್ತಾಳೆ ಎಂದು ಕೇಳದೆ ನಾನು ನಿಮಗೆ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ.

ಕುದುರೆಯ ಕಥೆಯ ಎರಡನೇ ಭಾಗ ಬಂದಿದೆ. ನಿಮಗೆಂದು ತೆಗೆದಿಟ್ಟಿದ್ದೇನೆ.

ನಯನ


2 ಸೆಪ್ಟೆಂಬರ್ 2024
ದೊಡ್ಡಆಲಹಳ್ಳಿ

ಮೇಡಂ,

ಕಾಗದ ಬಂತು. ನನಗೆ ಬರೆದು ಅಭ್ಯಾಸ ಇಲ್ಲ, ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ.

ಬೀಗ ನೋಡಿದ್ದೆ. ನಾನೂ ಹುಡುಕಿದರೆ ನಿಮಗೆ ಒಸಿ ಟೈಮ್ ಸಿಗುತ್ತದೆ ಅಂತ ಹುಡುಕಿದೆ.

ಅನುಷಾಗೆ ನಾನೇ ಹೇಳುತ್ತೇನೆ. ಕಾಗದದಲ್ಲಿ ಬೇಡ. ದಸರಾ ರಜೆಗೆ ಬರುತ್ತಾಳೆ, ಎದುರಿಗೆ ಕೂರಿಸಿಕೊಂಡು ಹೇಳುತ್ತೇನೆ. ಅಲ್ಲಿವರೆಗೆ ನನಗೆ ಸಮಯ ಕೊಡಿ.

ಮನೆಯಲ್ಲಿ ಗೊತ್ತಾಗಿದೆ. ವಾರದ ಮಧ್ಯದಲ್ಲಿ ಗಡ್ಡ ಕೆರೆದುಕೊಂಡಿದ್ದು ನೋಡಿ ಅಮ್ಮ ಕೇಳಿದರು, ಮುಚ್ಚಿಡಲು ಆಗಲಿಲ್ಲ. ಮಗಳಿಗೆ ನಾನು ಹೇಳುವವರೆಗೂ ಯಾರೂ ಬಾಯಿ ಬಿಡಬೇಡಿ ಅಂತ ಅಪ್ಪ ಅಮ್ಮ ಇಬ್ಬರಿಗೂ ಹೇಳಿದ್ದೇನೆ. ಅಮ್ಮನ ಮೇಲೆ ನನಗೆ ಅನುಮಾನ. ಅಪ್ಪನ ಮೇಲೆ ಪೂರ್ತಿ ನಂಬಿಕೆ ಇದೆ.

ಬೈರೇಶ


9 ಸೆಪ್ಟೆಂಬರ್ 2024
ವಸತಿ ಶಾಲೆ

ಮೇಡಂ,

ನಿನ್ನೆ ಭಾನುವಾರ, ಮನೆಯವರು ನೋಡಲು ಬರುವ ದಿನ. ಅಪ್ಪನಿಗೆ ಜ್ವರ ಎಂದು ತಾತ ಒಬ್ಬರೇ ಬಂದಿದ್ದರು. ರಾಮನಗರದಲ್ಲಿ ಬಸ್ಸು ಬದಲಾಯಿಸುವಾಗ ಕಡ್ಲೆಪುರಿ ಕಟ್ಟಿಸಿಕೊಂಡು ಬಂದಿದ್ದರು.

ಹೊಂಗೆ ಮರದ ಕೆಳಗೆ ಕೂತೆವು. ತಾತ ತುಂಬ ಖುಷಿಯಲ್ಲಿದ್ದರು. ಒಂದು ಮರಿ ಹುಟ್ಟಿದೆ, ಹೆಣ್ಣು, ಮುಖ ಮಾತ್ರ ಕರಿ, ಕಿವಿಗೆ ಗುರುತನ್ನೂ ಹಾಕಿಬಿಟ್ಟೆ ಎಂದರು. ಯಾರ ಗುರುತು ಎಂದು ಕೇಳಿದೆ. ಎರಡೂ ಕಿವಿಗೆ ಒಂದೊಂದು ಕಚ್ಚು ಎಂದರು. ಹಾಗೆ ನಮ್ಮ ಮನೆಯಲ್ಲಿ ಯಾರದ್ದೂ ಇಲ್ಲ. ನಾನು ಹಾಗೆಂದೆ. ತಾತ ಚಪ್ಪಲಿ ನೋಡಿಕೊಂಡರು.

‘ಅದು ಬರೋರ್ದು ಕಣವ್ವ.’

‘ಯಾರು ಬರೋರು?’

‘ಲೈಬ್ರರಿಯಮ್ಮ. ನಿಮ್ಮಪ್ಪ ಹೇಳಿಲ್ವಾ?’

ಹೇಳಿಲ್ಲ ಎಂದೆ. ಆಮೇಲೆ ತಾತ ನನಗೆ ತಂದಿದ್ದ ಕಡ್ಲೆಪುರಿಯನ್ನೆಲ್ಲ ಒಬ್ಬರೇ ತಿಂದು ಮುಗಿಸಿದರು.

ನಾನು ಅಮ್ಮನ ಕುರಿಗಳ ವಿಷಯ ಬರೆದಾಗ ನಿಮಗೆ ಇದು ಗೊತ್ತಿತ್ತಾ? ಇನ್ನು ಪದಗಳನ್ನು ಕಳಿಸಬೇಡಿ. ಮಿಸ್ ಹತ್ತಿರ ಬೇರೆ ಚೀಟಿ ಕೇಳುತ್ತೇನೆ.

ಅನುಷಾ


16 ಸೆಪ್ಟೆಂಬರ್ 2024
ಕನಕಪುರ

ಅನುಷಾಳಿಗೆ,

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ನೀನು ಅಮ್ಮನ ವಿಷಯ ಬರೆದ ದಿನ ನನಗೆ ಏನೂ ಗೊತ್ತಿರಲಿಲ್ಲ. ಆಮೇಲೆ ನಿಮ್ಮ ಅಪ್ಪ ನನ್ನನ್ನು ಮದುವೆಯಾಗುವ ಮಾತು ಕೇಳಿದರು. ನಾನು ಇನ್ನೂ ಉತ್ತರ ಕೊಟ್ಟಿಲ್ಲ. ನಿನಗೆ ಅವರೇ ಹೇಳಬೇಕು ಎಂದೆ. ದಸರಾ ರಜೆಯಲ್ಲಿ ಹೇಳುತ್ತೇನೆ ಎಂದು ಅವರು ಕಾಯುತ್ತಿದ್ದರು. ನಡೆದದ್ದು ಇಷ್ಟೇ, ಬೇರೇನೂ ಇಲ್ಲ. ನಿನಗೆ ಈ ರೀತಿ ತಿಳಿಯಿತಲ್ಲ, ಅದು ತಪ್ಪಾಯಿತು.

ಮರಿಯ ಸಂಗತಿ ನನಗೆ ತಿಳಿದದ್ದು ನಿನ್ನ ಕಾಗದದಿಂದಲೇ. ಮೊದಲು ನಕ್ಕೆ. ಆಮೇಲೆ ಸಿಟ್ಟು ಬಂತು. ನಾನು ಹೂಂ ಎನ್ನುವ ಮೊದಲೇ ಒಂದು ಪ್ರಾಣಿಯ ಎರಡೂ ಕಿವಿಯಲ್ಲಿ ನನ್ನನ್ನು ಬರೆದುಬಿಟ್ಟಿದ್ದಾರೆ. ಮೊನ್ನೆ ಶನಿವಾರ ನಿಮ್ಮ ಅಪ್ಪ ಬಂದಾಗ ಹಾಗೆಂದು ಹೇಳಿದೆ. ನಿನಗೆ ಗೊತ್ತಾಗಿರುವುದನ್ನು ಮಾತ್ರ ಹೇಳಲಿಲ್ಲ, ಅದನ್ನು ನೀನೇ ಹೇಳಬೇಕು. ಹದಿನೈದು ದಿನ ಕಳೆದರೆ ಕಿವಿ ಬಲಿತು ಮರಿಗೆ ನೋವಾಗುತ್ತದೆ, ಅದಕ್ಕೆ ತಾತ ಕಾಯಲಿಲ್ಲವಂತೆ. ಮನುಷ್ಯರು ಬಲಿಯುವುದಕ್ಕೂ ಸ್ವಲ್ಪ ಹೊತ್ತು ಬೇಕು ಎಂದು ತಾತನಿಗೆ ಹೇಳಿ ಎಂದೆ.

ತೀರ್ಮಾನ ನನ್ನದು. ಅದರ ಭಾರವನ್ನು ನಿನ್ನ ಮೇಲೆ ಹಾಕುವುದಿಲ್ಲ. ಆದರೆ ನಿನ್ನ ಮಾತು ಕೇಳದೆ ತೀರ್ಮಾನ ಮಾಡುವುದಿಲ್ಲ. ಮಾತು ಬೇಕಾದಾಗ ಹೇಳು. ಒರಟಾಗಿದ್ದರೂ ನಡೆಯುತ್ತದೆ.

ನಯನ


30 ಸೆಪ್ಟೆಂಬರ್ 2024
ಕನಕಪುರ

ಅನುಷಾಳಿಗೆ,

ನೀನು ಉತ್ತರ ಬರೆಯಲೇಬೇಕು ಎಂದು ಇದನ್ನು ಬರೆಯುತ್ತಿಲ್ಲ. ಇನ್ನಷ್ಟು ಪದ ಕಳಿಸುವುದು ಬಾಕಿ ಉಳಿದಿತ್ತು, ಅದಕ್ಕೆ. ಮಿಸ್ ಬೇರೆ ಚೀಟಿ ಕೊಟ್ಟಿದ್ದರೆ ಇದನ್ನು ಹರಿದುಹಾಕು.

‘ಕ್ಲಾರಿಫೈ’: ವಸ್ತು ಹಾಗೆಯೇ ಇರುತ್ತದೆ, ಕಾಣುವುದು ಸ್ಪಷ್ಟವಾಗುತ್ತದೆ. ಕೆಸರು ತಳಕ್ಕೆ ಇಳಿದ ಮೇಲೆ ಕೊಡದ ನೀರಿನಂತೆ. ‘ಸ್ಮೂತ್’: ಉಬ್ಬುತಗ್ಗು ಸವೆಸುವುದು. ಚನ್ನಪಟ್ಟಣದಲ್ಲಿ ಬೊಂಬೆಗೆ ಅರಗಿನ ಬಣ್ಣ ಕೊಟ್ಟ ಮೇಲೆ ತಾಳೆಗರಿಯಿಂದ ತಿಕ್ಕಿ ನುಣುಪು ಮಾಡುತ್ತಾರಲ್ಲ, ಆ ಕೆಲಸ. ‘ಸ್ಟ್ರೀಮ್‌ಲೈನ್’: ಅಡ್ಡ ಬರುವುದನ್ನು ತೆಗೆದು ಒಂದೇ ಸಾಲಿನಲ್ಲಿ ಹರಿಯುವಂತೆ ಮಾಡುವುದು. ಬಿಡದಿಯ ಕಾರಿನ ಕಾರ್ಖಾನೆಯವರಿಗೆ ಬೇಕಾದ ಪದ. ನಿನಗೂ ನನಗೂ ಅದರಿಂದ ಹೆಚ್ಚು ಉಪಯೋಗವಿಲ್ಲ.

ನಿನ್ನ ಬೆಂಚು ಖಾಲಿ ಇದೆ. ರಜೆಗೆ ಬಂದಾಗ ಬರಬಹುದು. ನಾನು ಮಾತಾಡಿಸಬಾರದು ಎಂದಿದ್ದರೆ ಮಾತಾಡಿಸುವುದಿಲ್ಲ.

ನಯನ


17 ಅಕ್ಟೋಬರ್ 2024
ದೊಡ್ಡಆಲಹಳ್ಳಿ

ನಯನ ಮೇಡಂ,

ಮಿಸ್ ಬೇರೆ ಚೀಟಿ ಕೊಡಲಿಲ್ಲ. ನಾನು ಕೇಳಲೂ ಇಲ್ಲ.

ನಾನು ಲೈಬ್ರರಿಗೆ ಬರಲಿಲ್ಲ. ಬಂದರೆ ನೀವು ಮಾತಾಡಿಸುವುದಿಲ್ಲ, ನಾನೂ ಮಾತಾಡಿಸುವುದಿಲ್ಲ, ಇಬ್ಬರೂ ಸುಮ್ಮನೆ ಕೂತಿರಬೇಕಾಗುತ್ತದೆ. ಅದಕ್ಕಿಂತ ಬರೆಯುವುದು ಮೇಲು.

ಅಪ್ಪ ಹೇಳಿದರು. ರೊಪ್ಪದ ಪಕ್ಕದ ಬಂಡೆಯ ಮೇಲೆ ಕೂರಿಸಿಕೊಂಡು ಶುರು ಮಾಡಿದರು. ಮೊದಲು ನನ್ನ ಮಾರ್ಕ್ಸ್, ಆಮೇಲೆ ಹಾಸ್ಟೆಲ್ ಊಟ, ಆಮೇಲೆ ಈ ವರ್ಷದ ಮಳೆ. ಎಳೆ ಬಿಸಿಲು ಹೋಗಿ ಸುಡುವ ಬಿಸಿಲು ಬಂತು, ಅಪ್ಪ ಇನ್ನೂ ಮಳೆಯಲ್ಲೇ ಇದ್ದರು. ಕೊನೆಗೆ ನಾನೇ ಹೇಳಿದೆ, ‘ಗೊತ್ತು ಬುಡಪ್ಪ, ತಾತ ಹೇಳೈತೆ’ ಎಂದು. ಅಪ್ಪ ತಿರುಗಿ ನೋಡಿದರು. ತಾತ ಆಗಲೇ ಎದ್ದು, ಹೊತ್ತಲ್ಲದ ಹೊತ್ತಿನಲ್ಲಿ ಕುರಿ ಹೊಡೆದುಕೊಂಡು ಹೋಗಿಯಾಗಿತ್ತು.

ಅಮ್ಮನನ್ನು ಮರೆತೆಯಾ ಎಂದು ಅಪ್ಪನನ್ನು ಕೇಳಿದೆ. ಇಲ್ಲ ಎಂದರು. ಬೇರೇನೂ ಸೇರಿಸಲಿಲ್ಲ, ಅದರಿಂದ ನಂಬಿಕೆ ಬಂತು.

ಜಗಳ ಆದದ್ದು ಮಾರನೆಯ ದಿನ, ಊಟದ ಹೊತ್ತಿನಲ್ಲಿ. ಅಜ್ಜಿಗೆ ತಾತ ಹೊಸ ಗುರುತು ಹಾಕಿದ್ದು ಸರಿಬಂದಿಲ್ಲ. ಅಜ್ಜಿ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. ‘ಹೋದೋಳ ಕುರಿ ಅವೆ. ಬರೋಳ್ಗೆ ಅವುನ್ನೇ ಕೊಟ್ರಾಯ್ತು. ಇನ್ನೊಂದ್ ಗುರ್ತು ಯಾಕ್ ಬೇಕಿತ್ತು? ಎಲ್ಲಾ ಸಲೀಸಾಯ್ತಿತ್ತು.’

ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೆ ಹಾಕಿದೆ. ಅವು ಅಮ್ಮನವು ಎಂದೆ. ಅಜ್ಜಿ ಕೆಟ್ಟವರಲ್ಲ ಮೇಡಂ, ಅಮ್ಮನ ಕುರಿಗಳನ್ನು ಇಷ್ಟು ವರ್ಷ ನೋಡಿಕೊಂಡವರೇ ಅವರು. ಅಪ್ಪ ತಟ್ಟೆ ನೋಡುತ್ತಿದ್ದರು. ಮಾತಾಡಿದ್ದು ತಾತ. ಇಡೀ ರಜೆಯಲ್ಲಿ ಬೈಸಿಕೊಂಡೇ ಇದ್ದವರು, ಅವತ್ತು ಮಾತ್ರ ತಲೆ ಎತ್ತಿ ಹೇಳಿದರು. ‘ಕಿವೀಲಿರೋದ ನೀನು ಕಿತ್ಕೊಡಕಾಯ್ತದಾ ಲಕ್ಷ್ಮಿದೇವಿ? ಅವು ಇರಗಂಟ ಅವಳ್ವೇ. ಅವುಕ್ಕೆ ಹುಟ್ಟೋವೂ ಅವಳ್ವೇ.’

ಅಜ್ಜಿ ತಾತನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟರು. ಆದರೆ ಇನ್ನೂ ತೀರ್ಮಾನ ಆಗಿಲ್ಲ. ಬರುವವಳು ಏನಂತಾಳೋ ನೋಡುವ ಎನ್ನುತ್ತಾರೆ. ಅದಕ್ಕೆ ಕೇಳುತ್ತಿದ್ದೇನೆ. ನೀವು ಬಂದರೆ ಅಮ್ಮನ ಕುರಿಗಳು ನಿಮಗೆ ಬೇಕಾ?

ಕರಿಮುಖದ ಮರಿಯನ್ನು ನೋಡಿದೆ. ನೋಡಬಾರದು ಎಂದುಕೊಂಡಿದ್ದೆ. ಅದು ನನ್ನ ಜಡೆಯ ರಿಬ್ಬನ್ ಅಗಿಯಿತು, ಆಮೇಲೆ ಈ ಕಾಗದದ ಮೂಲೆಯನ್ನು ತಿಂದಿತು. ಕ್ಷಮಿಸಿ, ಬೇರೆ ಹಾಳೆ ಇರಲಿಲ್ಲ.

ಅನುಷಾ


25 ಅಕ್ಟೋಬರ್ 2024
ಕನಕಪುರ

ಅನುಷಾ,

ಬೇಡ. ನಿಮ್ಮ ಅಮ್ಮನ ಕುರಿಗಳು ನನಗೆ ಬೇಡ. ನಾನು ಆ ಮನೆಗೆ ಬಂದರೂ ಬಾರದಿದ್ದರೂ ಅವು ಅವರವೇ. ಅವರ ಪರವಾಗಿ ನೋಡಿಕೊಳ್ಳಬೇಕಾದವಳು ನೀನು. ಇದನ್ನು ನಿಮ್ಮ ಅಜ್ಜಿಗೆ ಓದಿ ಹೇಳಬಹುದು, ನಾನು ಹೇಳಿದೆ ಎಂದೇ ಹೇಳು.

ಅಜ್ಜಿಯ ಮೇಲೆ ನನಗೆ ಬೇಸರವಿಲ್ಲ. ಹೊಸಬಳಿಗೆ ಮುಜುಗರವಾಗದಿರಲಿ ಎಂದೇ ಅವರು ಹಾಗೆ ಹೇಳಿರಬೇಕು. ಆದರೆ ಅವರು ಹೇಳಿದ್ದು ಸಿಂಪ್ಲಿಫೈ. ಅದರಲ್ಲಿ ಏನೋ ಒಂದು ಬಿಟ್ಟುಹೋಗುತ್ತದೆ ಎಂದು ಬರೆದಿದ್ದೆ. ಇಲ್ಲಿ ಬಿಟ್ಟುಹೋಗುವವರು ನಿಮ್ಮ ಅಮ್ಮ. ಅದು ಆಗಬಾರದು. ಮಂದೆ ಎಣಿಸುವಾಗ ಒಂದು ಗುರುತು ಹೆಚ್ಚಾದರೆ ಹೆಚ್ಚಾಗಲಿ. ತಾತನಿಗೆ ನನ್ನ ನಮಸ್ಕಾರ ತಿಳಿಸು, ಸಿಟ್ಟು ಇಳಿದಿದೆ ಎಂದೂ ಹೇಳು.

ನೀನು ನೇರವಾಗಿ ಕೇಳಿದೆ, ನಾನೂ ನನ್ನ ಬಗ್ಗೆ ನೇರವಾಗಿ ಹೇಳಬೇಕು. ನನಗೆ ಕುರಿಗಳೆಂದರೆ ಭಯ. ನಾನು ಬೆಳೆದ ಊರು ಕಲ್ಯ. ಅಲ್ಲಿ ನಮ್ಮದು ರಾಗಿ ಹೊಲದ ಮನೆ, ಎರಡು ಹಸು ಇದ್ದವು, ಕುರಿ ಇರಲಿಲ್ಲ. ಬೆಳಿಗ್ಗೆ ಎದ್ದು ಒಂದು ಗಂಟೆ ಯಾರೊಂದಿಗೂ ಮಾತಾಡುವುದಿಲ್ಲ, ಓದುತ್ತೇನೆ. ನನ್ನ ಮುದ್ದೆಯಲ್ಲಿ ಗಂಟು ಉಳಿಯುತ್ತದೆ. ಮದುವೆಯ ಮಾತುಗಳು ಬಂದು ಹೋದವು, ಬಂದವರಿಗೆಲ್ಲ ನಾನು ತುಂಬ ಸುಮ್ಮನಿರುವವಳಾಗಿ ಕಂಡೆ. ಆಮೇಲೆ ನಾನೇ ಬೇಡವೆಂದೆ. ಒಬ್ಬಳೇ ಇರುವುದು ನನಗೆ ಕಷ್ಟವಾಗಿರಲಿಲ್ಲ. ಈಗಲೂ ಕಷ್ಟವಿಲ್ಲ. ಆದರೆ ಶನಿವಾರ ಮಧ್ಯಾಹ್ನವಾದರೆ ಬಾಗಿಲ ಕಡೆ ನೋಡುತ್ತೇನೆ. ಇದನ್ನು ನಿಮ್ಮ ಅಪ್ಪನಿಗೆ ಹೇಳಿಲ್ಲ.

ನಮ್ಮ ಅಮ್ಮ ಅಂಬುಜಮ್ಮ ಕಲ್ಯದಲ್ಲೇ ಇದ್ದಾರೆ, ನಿಮ್ಮ ಶಾಲೆಗೆ ಹತ್ತಿರ. ನಿನ್ನನ್ನು ನೋಡಬೇಕಂತೆ. ನೀನು ಬೇಡ ಎಂದರೆ ಬರುವುದಿಲ್ಲ ಎಂದಿದ್ದಾರೆ. ಆದರೂ ಬರುತ್ತಾರೆ.

ನಯನ


21 ನವೆಂಬರ್ 2024
ವಸತಿ ಶಾಲೆ

ನಯನ ಮೇಡಂ,

ಅಂಬುಜಮ್ಮ ಬಂದಿದ್ದರು. ನಾನು ಬೇಡ ಎಂದು ಬರೆಯುವ ಮೊದಲೇ ಬಂದರು. ಒಂದು ಡಬ್ಬ ನಿಪ್ಪಟ್ಟು ಕೊಟ್ಟರು, ನಿಮ್ಮ ಅಪ್ಪ ಕುಡಿಯುತ್ತಾರಾ ಎಂದು ಕೇಳಿದರು, ಇಲ್ಲ ಎಂದ ಮೇಲೆ ಇನ್ನೊಂದು ಡಬ್ಬ ತೆಗೆದರು. ಹೋಗುವಾಗ ಹೇಳಿದರು, ‘ನನ್ ಮಗಳು ಮಾತು ಕಮ್ಮಿ ಕಣವ್ವ. ಸಿಟ್ಟು ಅಂತ ತಿಳ್ಕಬ್ಯಾಡ. ಅವಳು ಒಂದ್ಸಲ ಹೇಳಿದ್ರೆ ಹೇಳ್ದಂಗೆ.’ ಅದು ನನಗೆ ಕಾಗದಗಳಿಂದ ಗೊತ್ತಿತ್ತು ಎಂದೆ. ಅವರಿಗೆ ಖುಷಿಯಾಯಿತು, ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದರು. ಬಿಗಿಯಾಗಿ ಹೆಣೆದರು, ಸಂಜೆವರೆಗೂ ಹುಬ್ಬು ಮೇಲಕ್ಕೇ ಇತ್ತು.

ಇಂಗ್ಲಿಷ್ ದಿನ ಮುಗಿಯಿತು. ಆರು ಪದಗಳನ್ನೂ ಹೇಳಿದೆ. ಉಪ್ಪುನೀರಿನ ವಾಕ್ಯಕ್ಕೆ ಎಲ್ಲರೂ ಚಪ್ಪಾಳೆ ತಟ್ಟಿದರು. ನಿನ್ನ ಪದಕ್ಕಿಂತ ಅದರ ತಂಗಿಯೇ ನಿನಗೆ ಹೆಚ್ಚು ಇಷ್ಟವಾದಂತಿದೆ ಎಂದು ಮಿಸ್ ಹೇಳಿದರು. ಹೌದು ಮಿಸ್ ಎಂದೆ. ‘ವಿಸ್ಪರ್’ನವಳು ಎಷ್ಟು ಮೆಲ್ಲಗೆ ಹೇಳಿದಳೆಂದರೆ ಯಾರಿಗೂ ಕೇಳಿಸಲಿಲ್ಲ.

ನಿಮ್ಮ ಕಾಗದವನ್ನು ಅಜ್ಜಿಗೆ ಓದಲು ನಾನು ಅಲ್ಲಿರಲಿಲ್ಲ. ಅದಕ್ಕೆ ಅದನ್ನೇ ಅಪ್ಪನಿಗೆ ಕಳಿಸಿದೆ, ಕುರಿಗಳ ಭಾಗ ಮಾತ್ರ. ಶನಿವಾರದ ಭಾಗವನ್ನು ಕತ್ತರಿಸಿ ನನ್ನ ಹತ್ತಿರ ಇಟ್ಟುಕೊಂಡಿದ್ದೇನೆ. ಅಪ್ಪ ಓದಿ ಹೇಳಿದಾಗ ಅಜ್ಜಿ ಸೆರಗಿನಲ್ಲಿ ಮುಖ ಒರೆಸಿಕೊಂಡು, ‘ಹಂಗಾರೆ ಬರ್ಲಿ’ ಎಂದರಂತೆ. ಅಜ್ಜಿ ಅಷ್ಟು ಚಿಕ್ಕ ಮಾತಾಡಿದ್ದು ಇದೇ ಮೊದಲು ಎಂದು ಅಪ್ಪ ಬರೆದಿದ್ದಾರೆ.

ಈಗ ನನ್ನ ಮಾತು. ‘ನೀವು ಬಂದರೆ ನನಗೆ ಬೇಜಾರಿಲ್ಲ’ ಎಂದು ಬರೆದು ಹೊಡೆದುಹಾಕಿದೆ. ಅದು ಸರಿಯಾದ ವಾಕ್ಯ ಅಲ್ಲ. ನೀವು ಬಂದರೆ ನನಗೆ ಇಷ್ಟ. ಇದು ಸರಿ.

ಆದರೆ ನಾನು ಅಮ್ಮ ಎಂದು ಕರೆಯುವುದಿಲ್ಲ. ಚಿಕ್ಕಮ್ಮ ಎಂದರೆ ಊರಿನವರು ಒಂಥರ ನೋಡುತ್ತಾರೆ. ಸದ್ಯಕ್ಕೆ ಮೇಡಂ ಅಂತಲೇ ಇರಲಿ, ಮನೆಯಲ್ಲಿ ಮೇಡಂ ಎಂದರೆ ತಾತ ನಗುತ್ತಾರೆ, ನಗಲಿ. ಬೆಳಿಗ್ಗೆ ನೀವು ಓದುವಾಗ ನಾನೂ ಮಾತಾಡಿಸುವುದಿಲ್ಲ, ನನಗೆ ಆ ಹೊತ್ತಿನಲ್ಲಿ ನಿದ್ದೆ.

ಮತ್ತೆ, ತೀರ್ಮಾನ ಮಾಡಿದರೆ ಅಪ್ಪನಿಗಿಂತ ಮೊದಲು ನನಗೆ ಹೇಳಬೇಕು. ಹೋದ ಸಲ ಎಲ್ಲರಿಗೂ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ನಿಮ್ಮ
ಅನುಷಾ


1 ಡಿಸೆಂಬರ್ 2024
ಕನಕಪುರ

ಪ್ರೀತಿಯ ಅನುಷಾ,

ನಿನ್ನ ಕಾಗದ ಬುಧವಾರ ಬಂತು. ಕೌಂಟರಿನಲ್ಲಿ ನಿಂತೇ ಓದಿದೆ. ಪುಸ್ತಕ ಹಿಂದಿರುಗಿಸಲು ಬಂದ ಮುನಿಶಾಮಯ್ಯನವರು ಎದುರಿಗೆ ನಿಂತಿದ್ದಾರೆ ಎಂಬುದೇ ನನಗೆ ಕಾಣಲಿಲ್ಲ. ಏನಮ್ಮ, ಒಳ್ಳೇ ಸುದ್ದಿನಾ ಎಂದು ಕೇಳಿದರು. ಹೌದು ಎಂದೆ, ಯಾವ ಸುದ್ದಿ ಎಂದು ಹೇಳಲಿಲ್ಲ. ಅವರ ಪುಸ್ತಕಕ್ಕೆ ಇನ್ನೊಬ್ಬರ ಕಾರ್ಡನ್ನು ಸೇರಿಸಿಟ್ಟುಬಿಟ್ಟಿದ್ದೆ, ಈ ಕೆಲಸಕ್ಕೆ ಸೇರಿದ ಮೇಲೆ ಹಾಗೆ ಮಾಡಿದ್ದು ಇದೇ ಮೊದಲು.

ಮೇಡಂ ಎಂದೇ ಕರೆ. ನನಗೂ ಅದು ಒಗ್ಗಿದೆ.

ನಾಲ್ಕು ದಿನ ತೆಗೆದುಕೊಂಡೆ. ನಿನ್ನ ಮಾತು ಬಂದ ಸಂತೋಷದಲ್ಲೇ ತೀರ್ಮಾನ ಮಾಡಬಾರದು ಅನ್ನಿಸಿತು. ಬೆಳಿಗ್ಗೆ ಓದುವ ಹೊತ್ತಿನಲ್ಲಿ ಪುಸ್ತಕ ತೆರೆದು ಕೂತು, ಈ ಕೋಣೆ, ಈ ಮೌನ, ಇದನ್ನು ಬಿಟ್ಟು ಹೋಗಬಲ್ಲೆನೇ ಎಂದು ಕೇಳಿಕೊಂಡೆ. ಮೊದಲ ದಿನ ಉತ್ತರ ಸಿಗಲಿಲ್ಲ. ಎರಡನೆಯ ದಿನ ಕುರಿಗಳ ಭಯ ಮಾತ್ರ ಇತ್ತು. ಮೂರನೆಯ ದಿನ, ಅಂದರೆ ನಿನ್ನೆ ಶನಿವಾರ, ನಿಮ್ಮ ಅಪ್ಪ ಬಂದರು. ಎರಡನೇ ಭಾಗ ಮುಗಿಸಿದ್ದರು. ಕುದುರೆ ಕೊನೆಗೂ ಮನೆ ಸೇರಿದ್ದಕ್ಕೆ ಅವರ ಮುಖ ಅರಳಿತ್ತು. ನನ್ನನ್ನು ಏನೂ ಕೇಳಲಿಲ್ಲ. ಆಗಸ್ಟ್‌ನಿಂದ ಒಂದು ಸಲವೂ ಮತ್ತೆ ಕೇಳಿಲ್ಲ. ಅವರು ಸೈಕಲ್ ಸ್ಟ್ಯಾಂಡಿನ ಕಡೆ ನಡೆದು ಹೋಗುವುದನ್ನು ನೋಡುತ್ತಾ ನಿಂತಾಗ ನನಗೆ ಗೊತ್ತಾಯಿತು. ಕರೆದು ಹೇಳಬಹುದಿತ್ತು. ಬಾಯಿಗೆ ಬಂದ ಮಾತನ್ನು ತಡೆದುಕೊಂಡೆ, ನಿನಗೆ ಮೊದಲು ಹೇಳಬೇಕಿತ್ತು.

ಅನುಷಾ, ನಾನು ಒಪ್ಪಿದ್ದೇನೆ.

ಈ ಕಾಗದ ನಿನ್ನ ಕೈ ಸೇರಲು ಮೂರು ನಾಲ್ಕು ದಿನವಾದರೂ ಬೇಕು. ಅಲ್ಲಿಯವರೆಗೆ ಯಾರಿಗೂ ಹೇಳುವುದಿಲ್ಲ, ನಮ್ಮ ಅಮ್ಮನಿಗೂ ಹೇಳುವುದಿಲ್ಲ. ಬರುವ ಭಾನುವಾರ ಬೆಳಿಗ್ಗೆ ದೊಡ್ಡಆಲಹಳ್ಳಿಯ ಬಸ್ಸು ಹತ್ತುತ್ತೇನೆ. ಅಲ್ಲಿಗೆ ನಾನು ಹೋಗುತ್ತಿರುವುದು ಅದೇ ಮೊದಲು. ನಿಮ್ಮ ಮನೆ ಯಾವುದೆಂದು ಸ್ಟಾಪಿನಲ್ಲಿ ಕೇಳಿಕೊಂಡು ಹೋಗಿ, ನಿಮ್ಮ ಅಜ್ಜಿ ತಾತನ ಎದುರಿಗೇ ನಿಮ್ಮ ಅಪ್ಪನಿಗೆ ಹೇಳುತ್ತೇನೆ.

ನಿನ್ನ
ನಯನ